ಕಿವಿಗೆ ಬಿದ್ದ ಎಣ್ಣೆ

ಮಕ್ಕಳ ಕಿವಿನೋವಿಗೆ ಹೊತ್ತು ಚೆನ್ನಾಗಿ ಗೊತ್ತು. ಹಗಲೆಲ್ಲ ಸುಮ್ಮನಿದ್ದು, ರಾತ್ರಿ ಎಲ್ಲರೂ ಉಂಡು, ಮೆಡಿಕಲ್ ಅಂಗಡಿಯವನು ಶಟರ್ ಎಳೆದ ಮೇಲೆಯೇ ಅದು ಏಳುತ್ತದೆ. ಮಲಗಿದಾಗ ಕಿವಿಯೊಳಗಿನ ಒತ್ತಡ ಹೆಚ್ಚುತ್ತದೆ, ಅದಕ್ಕೇ ಹಾಗೆ ಎಂದು ಡಾಕ್ಟರುಗಳು ಹೇಳುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕಿಂತ ಸರಳವಾದ ವಿವರಣೆ ಇತ್ತು: ದೃಷ್ಟಿಯಾಗಿದೆ. ಮೊದಲು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುವುದು, ಆಮೇಲೆ ಔಷಧಿ. ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುವಾಗ ಕಿವಿನೋವಿನ ಹುಡುಗನೂ ಕೆಮ್ಮುತ್ತಿದ್ದ. ಒಂದು ರೋಗ ಇದ್ದವನಿಗೆ ಎರಡಾಗುತ್ತಿದ್ದವು.

ನಮ್ಮ ಬಳಗ ರೈಲು ಹಳಿಗುಂಟ ಹರಡಿಕೊಂಡಿತ್ತು. ಸೇಡಂನಲ್ಲಿ ಆಯಿ, ಚಿತ್ತಾಪುರದಲ್ಲಿ ದೊಡ್ಡತ್ತಿ, ವಾಡಿಯಲ್ಲಿ ರೈಲ್ವೆ ನೌಕರಿಯ ಕಾಕಾ, ಶಹಾಬಾದಿನಲ್ಲಿ ಕಾರ್ಖಾನೆಯ ಮಾಮಾ. ರೈಲು ಮುಟ್ಟದ ಚಿಂಚೋಳಿಯಲ್ಲಿ ಒಬ್ಬ ದೊಡ್ಡವ್ವ, ಅವಳಿಗೆ ಬಸ್ಸೇ ಗತಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದದ್ದು ಏತಕ್ಕೋ ಚರಿತ್ರೆಕಾರರು ಹೇಳಲಿ. ನಮ್ಮ ಮಟ್ಟಿಗೆ ಅದು ಕಿವಿಯ ಔಷಧಿಗಳು ಊರಿಂದ ಊರಿಗೆ ಸಾಗುವ ದಾರಿ. ಹಬ್ಬಕ್ಕೆ ಬಂದವರು ಹೋಗುವಾಗ ಚಟ್ನಿಪುಡಿಯ ಜೊತೆಗೆ ಒಂದು ಹೊಸ ಮದ್ದನ್ನೂ ಕಟ್ಟಿಕೊಂಡು ಹೋಗುತ್ತಿದ್ದರು.

ಆಯಿಯ ಮದ್ದಿಗೆ ಮನೆಯಲ್ಲಿ ಮೊದಲ ಮರ್ಯಾದೆ. ಕಬ್ಬಿಣದ ಸೌಟಿನಲ್ಲಿ ಒಂದಿಷ್ಟು ಕುಸುಬಿ ಎಣ್ಣೆ, ಅದರಲ್ಲಿ ಸುಲಿದ ಬಳ್ಳೊಳ್ಳಿಯ ಎಸಳು, ಕೆಳಗೆ ಕೆಂಡ. ಎಸಳು ಕೆಂಪಗಾಗುತ್ತಿದ್ದಂತೆ ಮನೆತುಂಬ ಒಗ್ಗರಣೆಯ ವಾಸನೆ ಹಬ್ಬಿ, ಅಳುತ್ತಿದ್ದ ರೋಗಿಗೆ ಹಸಿವಾಗುತ್ತಿತ್ತು. ಅರ್ಧ ನೋವು ಅಲ್ಲಿಗೇ ಮರೆತುಹೋಗುತ್ತಿತ್ತು. ಆಮೇಲೆ ಆಯಿ ಕಾಲು ಚಾಚಿ ಗೋಡೆಗೆ ಒರಗಿ ಕೂತು, ನಮ್ಮ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಹಾಕಿಕೊಂಡು, ಮೊದಲ ಹನಿಯನ್ನು ತನ್ನ ಮುಂಗೈ ಮೇಲೆ ಬಿಟ್ಟು ನೋಡುತ್ತಿದ್ದಳು. ಸುಟ್ಟರೆ ಊದುತ್ತಿದ್ದಳು, ತಣ್ಣಗಾದರೆ ಮತ್ತೆ ಕೆಂಡಕ್ಕೆ ಹಿಡಿಯುತ್ತಿದ್ದಳು. ಹನಿ ಬಿದ್ದ ಮೇಲೆ ಅರಳೆ ತುರುಕಿ ಕಟ್ಟಪ್ಪಣೆ: "ಸುಮ್ಮ ಬಿದ್ಕೊ. ದವಾ ಒಳಗ ಕೆಲಸ ಮಾಡ್ಲತ್ತದ, ಗದ್ಲ ಮಾಡಬ್ಯಾಡ." ಒಳಗೆ ಏನು ಕೆಲಸ ನಡೆದಿದೆ ಎಂದು ಕಿವಿಗೊಟ್ಟು ಕೇಳುತ್ತ ನಾವು ನಿದ್ದೆ ಹೋಗುತ್ತಿದ್ದೆವು. ಮೆಣಸಿನಕಾಯಿಗೂ ಎಣ್ಣೆಗೂ ನಡುವೆ ಒಂದು ಸಲವಾದರೂ ಸುಮ್ಮನೆ ಕಾದು ನೋಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಚಿತ್ತಾಪುರದ ದೊಡ್ಡತ್ತಿಯದು ಚಂಡುಹೂವಿನ ಎಲೆಯ ಪಂಥ. ಎಲೆಯನ್ನು ಅಂಗೈಯಲ್ಲಿ ಹೊಸೆದು ರಸ ಹಿಂಡುತ್ತಿದ್ದಳು. ದಸರೆ ದೀಪಾವಳಿಗೆ ಎಲೆಗೆ ಬರವಿಲ್ಲ. ಬೇಸಿಗೆಯಲ್ಲಿ ಮಾತ್ರ ಚಿತ್ತಾಪುರದಲ್ಲಿ ಯಾರಿಗೂ ಕಿವಿ ನೋಯಬಾರದು. ಶಹಾಬಾದಿನ ಮಾಮಾ ಎಲೆ ಬೇರು ನಂಬುವವನಲ್ಲ. ಅವನು ಅಂಗೈಯಗಲದ ಪರಸಿ ಚೂರನ್ನು ಬಿಸಿಮಾಡಿ ಬಟ್ಟೆಯಲ್ಲಿ ಸುತ್ತಿ ಕಿವಿಯ ಹಿಂದೆ ಶಾಕ ಕೊಡುತ್ತಿದ್ದ. ಊರಲ್ಲಿ ನೆಲಕ್ಕೂ ಗೋಡೆಗೂ ಮಾಳಿಗೆಗೂ ಅದೇ ಕಲ್ಲಿರುವಾಗ ಕಿವಿಗೊಂದು ಚೂರು ಹೆಚ್ಚೇನಲ್ಲ. ಚಿಂಚೋಳಿಯ ದೊಡ್ಡವ್ವ ಹಣ್ಣಾದ ಎಕ್ಕೆಯ ಎಲೆಗೆ ತುಪ್ಪ ಸವರಿ, ಕೆಂಡದ ಮೇಲೆ ಬಾಡಿಸಿ ರಸ ತೆಗೆಯುತ್ತಿದ್ದಳು. ಕೊಂಚಾವರಂ ಕಡೆಯ ತಾಂಡಾಗಳಿಂದ ಬೇರು ನಾರು ಮಾರಲು ಬರುತ್ತಿದ್ದ ಹೆಣ್ಣುಮಕ್ಕಳೊಂದಿಗೆ ಅವಳದು ಗಂಟೆಗಟ್ಟಲೆ ಚರ್ಚೆ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ದೊಡ್ಡವ್ವ ಇದ್ದಿದ್ದರೆ ಎಕ್ಕೆಗೂ ರಕ್ಷಣೆ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದಳು.

ವಾಡಿಯ ಕಾಕಾನದು ಬೇರೆಯೇ ದಾರಿ. ಜಂಕ್ಷನ್ನಿನಲ್ಲಿ ಕೆಂಪು ರುಮಾಲಿಗೆ ಅರಳೆ ಸಿಕ್ಕಿಸಿಕೊಂಡು, ಸಣ್ಣ ಸೀಸೆ, ಸೂಜಿಯಂಥ ಕಡ್ಡಿ ಹಿಡಿದು ಓಡಾಡುವ ಕಿವಿ ಸಾಫ್ ಮಾಡುವವನಿಗೆ ನಮ್ಮನ್ನು ಒಪ್ಪಿಸಿಬಿಡುತ್ತಿದ್ದ. ಅವನು ಗುಗ್ಗೆ ತೆಗೆಯುತ್ತ ತೆಗೆಯುತ್ತ ಕೊನೆಗೊಂದು ಕಲ್ಲಿನ ಹರಳು ತೆಗೆದು ಅಂಗೈ ಮೇಲಿಡುತ್ತಿದ್ದ. ಹರಳು ಅವನ ಬೆರಳ ಸಂದಿಯಿಂದ ಬರುತ್ತಿತ್ತೆಂಬುದು ಎಲ್ಲರಿಗೂ ಗೊತ್ತು, ಕಾಕಾನೊಬ್ಬನನ್ನು ಬಿಟ್ಟು. ಅವನನ್ನಾದರೂ ಏನನ್ನಬೇಕು? ಹೊಲ ಅಗೆದರೆ ಕಲ್ಲು, ಬಾವಿ ತೋಡಿದರೆ ಕಲ್ಲು ಸಿಗುವ ಸೀಮೆಯಲ್ಲಿ ಕಿವಿಯಿಂದಲೂ ಒಂದು ಕಲ್ಲು ಬಂದರೆ ಯಾರು ಆಶ್ಚರ್ಯಪಡುತ್ತಾರೆ?

ಇವೆಲ್ಲ ಅನಕ್ಷರಸ್ಥರ ಮೂಢನಂಬಿಕೆಗಳೆಂದು ತಳ್ಳಿಹಾಕುವಂತಿಲ್ಲ. ಹಿಂದೆ ದೊಡ್ಡ ಪರಂಪರೆಯೇ ಇದೆ. ಸುಶ್ರುತಸಂಹಿತೆಯ ಉತ್ತರತಂತ್ರ ಕಿವಿಯ ರೋಗಗಳನ್ನು 28 ಎಂದು ಎಣಿಸಿ, ನೋವಿಗೆ ಉಗುರುಬೆಚ್ಚಗಿನ ರಸ ತುಂಬಲು ಹೇಳುವ ಪಟ್ಟಿಯಲ್ಲಿ ಬೆಳ್ಳುಳ್ಳಿಯನ್ನೇ ಮೊದಲಿಗೆ ಇಡುತ್ತದೆ. ಹಿಂದೆಯೇ ಹಸಿಶುಂಠಿ, ನುಗ್ಗೆ, ಮೂಲಂಗಿ, ಬಾಳೆ ಬರುತ್ತವೆ. ದೊಡ್ಡವ್ವನ ತುಪ್ಪ ಸವರಿದ ಎಕ್ಕೆಯ ಎಲೆಯೂ ಹಳೆಯ ವೈದ್ಯಗ್ರಂಥಗಳಲ್ಲಿದೆ. ಅಷ್ಟು ದೂರ ಏಕೆ, ನಮ್ಮ ಸೇಡಂ ತಾಲೂಕಿನ ಮಳಖೇಡವೇ ಇದೆಯಲ್ಲ. ಕಾಗಿಣಾ ದಂಡೆಯ ಈ ಊರು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೃಪತುಂಗನೆಂದರೆ ನಾವು 'ಕವಿರಾಜಮಾರ್ಗ' ಎಂದು ಶಾಲೆಯ ಹುಡುಗರ ಹಾಗೆ ಒದರುತ್ತೇವೆ. ಅದೇ ದೊರೆಯ ಕಾಲದ ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ'ವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮದ್ಯ, ಮಾಂಸ, ಜೇನು ಮೂರನ್ನೂ ಮುಟ್ಟದೆ ರೋಗ ವಾಸಿಮಾಡುತ್ತೇನೆಂದು ಹಟ ಹಿಡಿದ ಜೈನ ಮುನಿಯ ಸಂಸ್ಕೃತ ವೈದ್ಯಗ್ರಂಥ ಅದು. ಔಷಧಿಗೆ ಮಾಂಸ ಬೇಡವೆಂಬ ವಾದವನ್ನು ನೃಪತುಂಗನ ಸಭೆಯಲ್ಲೇ ಮಂಡಿಸಿದ್ದಾಗಿ ಅದರ ಕೊನೆಯ ಭಾಗ ಹೇಳುತ್ತದೆ. 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾದ ಆ ಪುಸ್ತಕದ ಹೆಸರನ್ನೂ ಆಯಿ ಕೇಳಿರಲಿಲ್ಲ. ಆದರೂ ಅವಳ ಸೌಟಿನಲ್ಲಿ ಮದ್ಯ, ಮಾಂಸ, ಜೇನು ಇರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಅಶೋಕ ಚಕ್ರವರ್ತಿ ಕೂಡ ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧಿಯ ಗಿಡಗಳನ್ನು ತರಿಸಿ ನೆಡಿಸಿದೆನೆಂದು ಬಂಡೆಯ ಮೇಲೆ ಬರೆಸಿದ್ದಾನೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಪೀಠವಾಗಿದ್ದ ಕಲ್ಲಿನಲ್ಲೇ ಅವನ ಶಾಸನ ಸಿಕ್ಕಿತು. ನಮ್ಮ ದೈವ ನೋಡಿ: ಗಿಡಮೂಲಿಕೆಯದು ಎರಡನೆಯ ಶಾಸನ, ನಮ್ಮ ಪಾಲಿಗೆ ಬಂದದ್ದು ಹನ್ನೆರಡು, ಹದಿನಾಲ್ಕು ಮತ್ತು ಅಧಿಕಾರಿಗಳಿಗೆ ಬುದ್ಧಿ ಹೇಳುವ ಇನ್ನೆರಡು.

ಇಷ್ಟೆಲ್ಲ ಇದ್ದ ಮೇಲೆ ಮದ್ದಿಗೆ ಆಧಾರ ಏನು ಎಂದು ಕೇಳುವವರಾರು? ಕೇಳಿದವಳು ನನ್ನ ತಮ್ಮನ ಮಗಳು. ಕಿವಿ ಮೂಗು ಗಂಟಲಿನ ಡಾಕ್ಟರಿಕೆ ಓದುವವಳು. ಕೇಳಿದ ಜಾಗವೂ ಸರಿಯಾದದ್ದೇ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಎಲ್ಲಮ್ಮನ ಮುಂದೆ ಮನೆಯ ಕೂಸಿನ ಜಾವಳ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನದಲ್ಲಿ ಗುರುಗಳು, ವಿದ್ಯಾರ್ಥಿಗಳ ಜೊತೆಗೆ ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರ ಮಾತೂ ಇದೆ. ವಾದಕ್ಕೆ ಹೇಳಿ ಮಾಡಿಸಿದ ನೆಲ. ಜಾವಳದ ಕೂಸಿನ ಅಣ್ಣ, ನಾಲ್ಕೈದು ವರ್ಷದವನು, ಕಿವಿ ಹಿಡಿದುಕೊಂಡು ಅಳಲು ಶುರುಮಾಡಿದ್ದೇ ತಡ, ದೊಡ್ಡತ್ತಿ ಹಾರದಿಂದಲೇ ಚಂಡುಹೂವಿನ ಎಲೆ ಹುಡುಕತೊಡಗಿದಳು. ಹುಡುಗಿ ಅವಳ ಕೈ ಹಿಡಿದಳು.

"ಬ್ಯಾಡ ಅಮ್ಮಾ, ರಸ ಹಾಕಬ್ಯಾಡ್ರಿ."

"ಯಾಕ? ನಿಮ್ಮಪ್ಪನ ಕಿವಿಗಿ ಯಾರ್ ಹಾಕ್ಯಾರ ಅಂದ್ಕೊಂಡಿ?"

ಹುಡುಗಿ ತಾಳ್ಮೆಯವಳು. ಕುಂಕುಮದ ತಟ್ಟೆಯ ಮೇಲೆ ಬೆರಳಿನಿಂದ ಕಿವಿಯ ಚಿತ್ರ ಬರೆದಳು. ನೋವು ಇರುವುದು ನಡುಗಿವಿಯಲ್ಲಿ. ಅದರ ಮುಂದೆ ತಮಟೆ ಎಂಬ ಪೊರೆ ಇದೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು, ಆದರೆ ಪೂರಾ ಮುಚ್ಚಿದ್ದು. ನೆಗಡಿ ಬಂದಾಗ ಗಂಟಲಿನಿಂದ ಕಿವಿಗೆ ಹೋಗುವ ಕೊಳವೆ ಕಟ್ಟಿಕೊಂಡು ಒಳಗೆ ಕೀವು ತುಂಬುತ್ತದೆ. ಮಕ್ಕಳಲ್ಲಿ ಆ ಕೊಳವೆ ಗಿಡ್ಡ, ಅಡ್ಡಡ್ಡ, ಹಾಗಾಗಿ ಅವರಿಗೇ ಈ ಕಾಟ ಹೆಚ್ಚು. ರೋಗ ಬಂದದ್ದು ಗಂಟಲ ಕಡೆಯಿಂದ, ನೀವು ರಸ ಬಿಡುವುದು ಹೊರಗಿನಿಂದ. ಮುಚ್ಚಿದ ಬಾಗಿಲ ಹೊರಗೆ ಎಲೆ ಹಾಕಿ, ಒಳಗಿನವರಿಗೆ ಊಟ ಬಡಿಸಿದ ಹಾಗೆ.

"ಮತ್ತ ಕಡಿಮಿ ಆಗ್ತಿತ್ತಲ್ಲ?"

"ತಾನೇ ಆಗ್ತಿತ್ತು ಅಮ್ಮಾ."

ಇಲ್ಲಿಂದ ಮುಂದೆ ಅವಳು ಹೇಳಿದ್ದನ್ನು ನಾನು ಆಮೇಲೆ ಕೂತು ಓದಿದೆ. 2001 ಮತ್ತು 2003ರಲ್ಲಿ ಇಸ್ರೇಲಿನ ವೈದ್ಯರು ಕಿವಿನೋವಿನ ಮಕ್ಕಳಿಗೆ ಗಿಡಮೂಲಿಕೆಯ ಹನಿ ಹಾಕಿ ನೋಡಿದ್ದಾರೆ. ಬೆಳ್ಳುಳ್ಳಿ, ಮುಲ್ಲೀನ್, ಹೈಪೆರಿಕಮ್ ಮತ್ತು ನಮ್ಮ ಚಂಡುಹೂವಿನ ಬಳಗಕ್ಕೇ ಸೇರಿದ ಕ್ಯಾಲೆಂಡುಲಾ. ಆಯಿಯೂ ದೊಡ್ಡತ್ತಿಯೂ ಜಗಳ ಬಿಟ್ಟು ಒಂದೇ ಸೀಸೆಯಲ್ಲಿ ಕೂತಂತಾಯಿತು. ಮೊದಲ ಸಲ 103 ಮಕ್ಕಳು. ಅರ್ಧ ಮಕ್ಕಳಿಗೆ ಮೂಲಿಕೆಯ ಹನಿ, ಉಳಿದವರಿಗೆ ಮರಗಟ್ಟಿಸುವ ಔಷಧಿಯ ಹನಿ. ಎರಡೂ ಸರಿಸಮ. ಎರಡನೆಯ ಸಲ 171 ಮಕ್ಕಳು, ಅಲ್ಲಿ ಮೂಲಿಕೆ ತುಸು ಮುಂದೆಯೇ ನಿಂತಿತು. ಇಲ್ಲಿ ನಾನು ಆಯಿಯ ಪರವಾಗಿ ಮೀಸೆ ತಿರುವಿದೆ. ಆದರೆ ಮುಂದಿನ ಸಾಲಿನಲ್ಲಿ ಆ ವೈದ್ಯರೇ, ನೋವು ನೂರಕ್ಕೆ 80ರಷ್ಟು ತಾನಾಗಿ ಇಳಿಯುವಂಥದ್ದು, ದಿನ ಕಳೆದದ್ದೇ ಅದಕ್ಕೆ ಸಾಕಾದ ಕಾರಣ ಎಂದು ಬರೆದಿದ್ದಾರೆ. ಬರೀ ಎಣ್ಣೆ ಹಾಕಿದ ಮಕ್ಕಳ ಗುಂಪನ್ನು ಎರಡೂ ಸಲ ಇಟ್ಟಿರಲೂ ಇಲ್ಲ. ಒಗ್ಗರಣೆ ಇಲ್ಲದ ಎಣ್ಣೆಯೂ ಅಷ್ಟೇ ಕೆಲಸ ಮಾಡುತ್ತಿತ್ತೋ ಏನೋ!

ಬಳ್ಳೊಳ್ಳಿಯ ವಿಷಯದಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ರೋಗಾಣು ಕೊಲ್ಲುವ ಅದರ ಸತ್ವ ಆಲಿಸಿನ್. ಅದು ಎಸಳಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಎಸಳನ್ನು ಜಜ್ಜಿದಾಗ ಒಂದು ಕಿಣ್ವ ಬಿಡುಗಡೆಯಾಗಿ ಅದನ್ನು ಹುಟ್ಟಿಸುತ್ತದೆ. ಇಡಿಯ ಎಸಳನ್ನು ಕುದಿಯುವ ಎಣ್ಣೆಗೆ ಹಾಕಿದರೆ ಕಿಣ್ವವೇ ಸತ್ತುಹೋಗುತ್ತದೆ. ಅಂದರೆ ಆಯಿಯ ಸೌಟಿನಲ್ಲಿ ಬಳ್ಳೊಳ್ಳಿಯ ವಾಸನೆ ಇತ್ತು, ರುಚಿ ಇತ್ತು, ಔಷಧಿ ಮಾತ್ರ ಇರಲಿಲ್ಲ. ಹಾಗಾದರೆ ಜಜ್ಜಿ ಹಸಿಯಾಗಿಯೇ ಹಾಕೋಣ ಎನ್ನುವ ಚುರುಕು ಮಂದಿಗೆ ಒಂದು ಮಾತು: ಹಸಿ ಬಳ್ಳೊಳ್ಳಿ ಚರ್ಮವನ್ನು ಸುಡುತ್ತದೆ, ಕಿವಿಯೊಳಗಿನ ಚರ್ಮ ಇನ್ನೂ ಮೃದು.

ಡಾಕ್ಟರ ಔಷಧಿಯಾದರೂ ದೊಡ್ಡ ಪರಾಕ್ರಮಿಯೇ ಎಂದರೆ ಅದೂ ಅಲ್ಲ. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಹಾಕಿ ತೂಗಿದವರು ಹೇಳುವುದು, ಆಂಟಿಬಯೋಟಿಕ್ ಕೊಟ್ಟರೂ ಮೊದಲ 24 ಗಂಟೆಯ ನೋವಿನಲ್ಲಿ ವ್ಯತ್ಯಾಸವಿಲ್ಲ, ಸಕ್ಕರೆ ಗುಳಿಗೆ ಕೊಟ್ಟರೂ ನೂರಕ್ಕೆ 60 ಮಕ್ಕಳು ಅಷ್ಟರೊಳಗೆ ಸುಧಾರಿಸಿಕೊಳ್ಳುತ್ತಾರೆ. ಅದಕ್ಕೇ ನೆದರ್ಲೆಂಡಿನಲ್ಲಿ ಬಹಳ ಕಾಲದಿಂದ, ತೀರಾ ಚಿಕ್ಕವರಲ್ಲದ ಮಕ್ಕಳಿಗೆ ನೋವಿನ ಔಷಧಿ ಮಾತ್ರ ಕೊಟ್ಟು ಎರಡು ಮೂರು ದಿನ ಕಾಯುವ ಪದ್ಧತಿ ಇದೆ. ಫಿನ್‌ಲೆಂಡಿನವರು ಇನ್ನೂ ಮುಂದೆ ಹೋಗಿ, 1996ರಲ್ಲಿ, ಮಕ್ಕಳಿಗೆ ಕ್ಸೈಲಿಟಾಲ್ ಎಂಬ ಮರದ ಸಕ್ಕರೆಯ ಚ್ಯುಯಿಂಗ್ ಗಮ್ಮನ್ನು ದಿನಕ್ಕೆ ಐದು ಸಲ ಜಗಿಸಿ, ನಡುಗಿವಿಯ ಸೋಂಕು ನೂರಕ್ಕೆ 40ರಷ್ಟು ಕಡಿಮೆಯಾದದ್ದನ್ನು ತೋರಿಸಿದರು. ಗಿಡಮರದ ಕಡೆಯಿಂದ ಬಂದ ಸಾಕ್ಷ್ಯದಲ್ಲಿ ನನಗೆ ಗಟ್ಟಿ ಎನಿಸಿದ್ದು ಇದೊಂದೇ. ಅದೂ ಬಾಯಿಗೆ ಹಾಕಿದ್ದು, ಕಿವಿಗಲ್ಲ.

ನಾಗಾವಿಯಲ್ಲಿ ಹುಡುಗಿ ಇದನ್ನೆಲ್ಲ ಹೇಳಿ ಮುಗಿಸುವ ತನಕ ದೊಡ್ಡತ್ತಿ ಎಲೆ ಹೊಸೆಯುತ್ತಲೇ ಇದ್ದಳು. ಕೊನೆಗೆ ಕೇಳಿದಳು: "ಆತು. ಮೂರ್ ದಿನಕ್ಕ ತಾನೇ ಹೋತದ ಅಂತೀದಿ. ಆ ಮೂರ್ ದಿನ ಕೂಸಿನ ಯಾರ್ ಹಿಡೀಬೇಕವ್ವ? ಅದಕ್ಕೇನ್ ಬರದಾರ ನಿನ್ ಪುಸ್ತಕದಾಗ?"

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಹುಡುಗ ದೊಡ್ಡತ್ತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ. ರಸ ಎಲೆಯಲ್ಲೇ ಉಳಿಯಿತು. ಮರುದಿನ ಫೋನು ಮಾಡಿ ವಿಚಾರಿಸಿದರೆ ಹುಡುಗ ಆರಾಮಾಗಿದ್ದ. ಎಲ್ಲಮ್ಮನ ಬಂಡಾರದ ಗುಣ ಎಂದು ಅವನ ತಾಯಿ, ಪ್ಯಾರಾಸಿಟಮಾಲ್ ಎಂದು ಡಾಕ್ಟರ್ ಹುಡುಗಿ, ಎಲೆಯ ವಾಸನೆ ತಾಗಿದರೂ ಸಾಕು ಎಂದು ದೊಡ್ಡತ್ತಿ.

ಒಂದು ವಿಷಯದಲ್ಲಿ ಮಾತ್ರ ಆಯಿಗೆ ನೊಬೆಲ್ ಬಹುಮಾನದ ಬೆಂಬಲವಿದೆ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ವೈದ್ಯ ರೋಗಿಗಳ ಕಿವಿ ತೊಳೆಯುವಾಗ, ನೀರು ತಣ್ಣಗಿದ್ದರೂ ಬಿಸಿ ಹೆಚ್ಚಾದರೂ ಅವರಿಗೆ ತಲೆ ತಿರುಗುತ್ತದೆ, ಮೈಬಿಸಿಯಷ್ಟೇ ಇದ್ದರೆ ಏನೂ ಆಗುವುದಿಲ್ಲ ಎಂದು ಗಮನಿಸಿದ. ಅದರ ಬೆನ್ನು ಹತ್ತಿ ಒಳಗಿವಿ ಸಮತೋಲ ಕಾಯುವ ಬಗೆಯನ್ನು ಬಿಡಿಸಿದ್ದಕ್ಕೆ 1914ರ ನೊಬೆಲ್ ಪಡೆದ. ಮುಂಗೈ ಮೇಲೆ ಹನಿ ಬಿಟ್ಟು ನೋಡುತ್ತಿದ್ದ ಆಯಿಗೆ ಯಾರೂ ಏನೂ ಕೊಡಲಿಲ್ಲ. ಮಾಮಾನ ಪರಸಿ ಚೂರಿಗೂ ಇಷ್ಟು ನ್ಯಾಯ ಸಲ್ಲಬೇಕು: ಬಿಸಿ ಹದವಾಗಿದ್ದರೆ ಹೊರಗಿನ ಶಾಕದಿಂದ ನೋವು ಸ್ವಲ್ಪ ತಗ್ಗುತ್ತದೆ, ಯಾರಿಗೂ ಕೆಡಕಿಲ್ಲ. ಶಹಾಬಾದಿನ ಆ ಮನೆಯಲ್ಲಿ ಈಗ ಬೀಗ. ಊರಿಗೆ ಹೊತ್ತು ಹೇಳುತ್ತಿದ್ದ ಕಾರ್ಖಾನೆಯ ಭೋಂಗಾ ನಿಂತು ಎಷ್ಟೋ ಕಾಲವಾಯಿತು. ಬಳಗದ ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರು ಸೇರಿದ್ದಾರೆ. ಅಲ್ಲಿ ಕೂಸಿಗೆ ಕಿವಿ ನೋಯ್ದರೆ ಸಿರಪ್ಪು ಇದೆ, ಅಳತೆಯ ಮುಚ್ಚಳವಿದೆ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಔಷಧಿ ತರುವ ಹುಡುಗನಿದ್ದಾನೆ. ನೋವು ನಮ್ಮ ಕಾಲಕ್ಕಿಂತ ಬೇಗ ಇಳಿಯುತ್ತದೆ. ನಮ್ಮ ಹಾಗೆ ಅದನ್ನು ನೆನಪಿಟ್ಟುಕೊಳ್ಳಲು ಆ ಮಕ್ಕಳಿಗೆ ಏನಿರುತ್ತದೋ.

ಇಷ್ಟು ಹೇಳಿ ಆಯಿಯ ಫೋಟೋಕ್ಕೆ ಹಾರ ಹಾಕಿ ಎದ್ದುಬಿಡಬಹುದಿತ್ತು. ಆದರೆ ಶಾಲೆಯಲ್ಲಿ ನಮ್ಮ ಜೊತೆ ಒಬ್ಬ ಹುಡುಗನಿದ್ದ. ಅವನ ಎಡಗಿವಿಯಲ್ಲಿ ಯಾವಾಗಲೂ ಅರಳೆ. ಕಿವಿ ಸೋರುತ್ತಿತ್ತು, ವಾಸನೆ ಬರುತ್ತಿತ್ತು. ಹಾಗಾಗಿ ಬೆಂಚಿನ ತುದಿಯಲ್ಲಿ ಒಬ್ಬನೇ ಕೂರುತ್ತಿದ್ದ. ಕರೆದಾಗ ತಿರುಗುವುದಿಲ್ಲವೆಂದು ಮಾಸ್ತರರು ಹೊಡೆಯುತ್ತಿದ್ದರು, ಹೊಡೆಯುತ್ತಿದ್ದದ್ದೂ ಕಿವಿಯ ಮೇಲೆಯೇ. ನಾವು ಅವನನ್ನು ಕೆಪ್ಪ ಎನ್ನುತ್ತಿದ್ದೆವು. ಅವನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ ನಮಗೆ. ತುಟಿ ನೋಡಿ ಅವನಿಗೆ ಎಲ್ಲ ತಿಳಿಯುತ್ತಿತ್ತು. ಅವನ ಮನೆಯವರು ಅವನನ್ನು ಅಲಕ್ಷ್ಯ ಮಾಡಿರಲಿಲ್ಲ. ಐದೂ ಊರಿನ ಮದ್ದು ಅವನ ಕಿವಿಗೆ ಬಿದ್ದಿತ್ತು. ದೊಡ್ಡವನಾಗಿ ಶಹಾಬಾದಿನ ಕಡೆ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದ. ಅಲ್ಲಿನ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ, ಹಾಗಾಗಿ ಅವನು ಎಲ್ಲರಂತೆ ಆದ.

ಆ ಮನೆಯವರ ಲೆಕ್ಕ ಎಲ್ಲಿ ತಪ್ಪಿತೆಂದು ನಾಗಾವಿಯ ಹುಡುಗಿಯಿಂದಲೇ ತಿಳಿಯಿತು. ಒಳಗಿನ ಕೀವು ಹೆಚ್ಚಾದಾಗ ತಮಟೆ ಒಡೆಯುತ್ತದೆ. ಒಡೆದ ಕ್ಷಣವೇ ಒತ್ತಡ ಇಳಿದು ನೋವು ಮಾಯ. ರಾತ್ರಿ ಎಣ್ಣೆ ಬಿಟ್ಟೆವು, ಬೆಳಗಾಗುವಷ್ಟರಲ್ಲಿ ಕೀವೆಲ್ಲ ಹೊರಬಂದು ಕೂಸು ನಗುತ್ತಿತ್ತು ಎಂದು ಎಷ್ಟು ಮನೆಗಳಲ್ಲಿ ಹೇಳುತ್ತಾರೆ! ಮದ್ದು ಗೆದ್ದಿತೆಂದು ಅವರು ತಿಳಿದ ಹೊತ್ತಿನಲ್ಲೇ ತಮಟೆ ತೂತಾಗಿರುತ್ತದೆ. ಬಹಳ ಸಲ ಆ ತೂತು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಕೂಡದೆ ಉಳಿದರೆ ಮಾತ್ರ ಮುಚ್ಚಿದ ಬಾಗಿಲು ತೆರೆದಂತೆಯೇ. ಅಲ್ಲಿಯವರೆಗೆ ಒಳಗೆ ಹೋಗದಿದ್ದ ಎಣ್ಣೆ, ರಸ, ಅದರೊಳಗಿನ ಧೂಳು, ರೋಗಾಣು ಎಲ್ಲವೂ ನೇರ ನಡುಗಿವಿಗೆ ಇಳಿಯುತ್ತವೆ. ಎಣ್ಣೆಯ ಪಸೆಗೆ ಬೂಸರು ಬೆಳೆಯುತ್ತದೆ. ವಾಸನೆಯ ಕೀವು ಎಲುಬನ್ನು ತಿನ್ನುವ ಬಗೆಯ ರೋಗದ ಗುರುತಾಗಿರಬಹುದು, ಅದು ಮಿದುಳಿನವರೆಗೂ ಹೋಗಬಲ್ಲದು. ನಮ್ಮ ದೇಶದಲ್ಲಿ ಮಕ್ಕಳ ಕಿವಿ ಮಂದವಾಗಲು ತಡೆಯಬಹುದಾದ ದೊಡ್ಡ ಕಾರಣಗಳಲ್ಲಿ ಸೋರುವ ಕಿವಿಯೂ ಒಂದು. ಕಿವುಡುತನ ತಡೆಯಲು ಕೇಂದ್ರ ಸರ್ಕಾರ 2006-07ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಿತು. ನಮ್ಮ ಬೆಂಚಿನ ಹುಡುಗನ ಪಾಲಿಗೆ ಅದು ಬಹಳ ತಡವಾಗಿ ಬಂತು.

ಆದ್ದರಿಂದ ಸೇಡಂನವರೇ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರೇ, ಒಂದು ಮಾತು ನಡೆಸಿಕೊಡಿ. ಒಣ ಕಿವಿ ನೋಯ್ದರೆ ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಿ, ಬೆಚ್ಚಗಿನ ಬಟ್ಟೆಯಿಂದ ಹೊರಗೇ ಶಾಕ ಕೊಡಿ, ನೋವಿಗೆ ಡಾಕ್ಟರು ಹೇಳಿದ ಅಳತೆಯ ಔಷಧಿ ಕೊಡಿ. ಎರಡು ವರ್ಷದೊಳಗಿನ ಕೂಸಾದರೆ, ಜ್ವರ ಜೋರಾದರೆ, ಕಿವಿಯ ಹಿಂದೆ ಬಾವು ಕಂಡರೆ, ಎರಡು ದಿನಕ್ಕೂ ನೋವು ಇಳಿಯದಿದ್ದರೆ ಕಾಯಬೇಡಿ. ಸೋರುವ ಕಿವಿಯನ್ನು ಒಣ ಬಟ್ಟೆಯಿಂದ ಒರೆಸಿ ದವಾಖಾನೆಗೆ ಕರೆದೊಯ್ಯಿರಿ. ಅಲ್ಲಿ ಬರೆದುಕೊಟ್ಟ ಹನಿಯ ಹೊರತು ಅದರೊಳಗೆ ಇನ್ನೊಂದು ಹನಿ ಬೀಳಬಾರದು, ಬಿಡುವವಳು ನಮ್ಮ ಆಯಿಯೇ ಆಗಿದ್ದರೂ.